ಎನ್‌ಟಿ-ಪ್ರೊಬಿಎನ್‌ಪಿ ಜಾಸ್ತಿ ಬಂದರೆ ಹಾರ್ಟ್ ಫೇಲ್ಯೂರ್ ಅಂತಲೇ ಲೆಕ್ಕವಾ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಕೆಲವು ತಿಂಗಳಿಂದ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ರಕ್ತ ಪರೀಕ್ಷೆಯಲ್ಲಿ ಎನ್‌ಟಿ-ಪ್ರೊಬಿಎನ್‌ಪಿ 640 ಬಂದಿದೆ. 125ಕ್ಕಿಂತ ಕಮ್ಮಿ ಇರಬೇಕು ಅಂತ ರಿಪೋರ್ಟಿನಲ್ಲಿದೆ. ಹಾರ್ಟ್ ಫೇಲ್ಯೂರ್ ಆಗಿದೆಯಾ?

ಉತ್ತರ: ಎನ್‌ಟಿ-ಪ್ರೊಬಿಎನ್‌ಪಿ ಅಂದರೆ ಹೃದಯದ ಮೇಲೆ ಒತ್ತಡ ಬಿದ್ದಾಗ ರಕ್ತದಲ್ಲಿ ಏರುವ ಒಂದು ಅಂಶ. ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ದೇಹಕ್ಕೆ ಬೇಕಾದಷ್ಟು ರಕ್ತ ಪಂಪ್ ಮಾಡಲಾಗದೆ ಸೋಲುವುದು. ಈ ಒಂದು ನಂಬರ್ ನೋಡಿ ಹಾಗಾಗಿದೆ ಎಂದು ಹೇಳಲಾಗದು. ಆದರೆ ಏದುಸಿರೂ ಇರುವುದರಿಂದ ಸುಮ್ನೆ ಬಿಡುವ ಹಾಗೂ ಇಲ್ಲ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು.

ಹೃದಯ ರಕ್ತ ಪಂಪ್ ಮಾಡುವುದಷ್ಟೇ ಅಲ್ಲ, ಹಾರ್ಮೋನನ್ನೂ ತಯಾರಿಸುತ್ತದೆ. ಇದು ಗೊತ್ತಾಗಿದ್ದು ಕೆನಡಾದಲ್ಲಿ, 1981ರಲ್ಲಿ. ಅಡಾಲ್ಫೋ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃದಯದ ಮೇಲ್ಕೋಣೆಯ ಸ್ನಾಯುವಿನಿಂದ ರಸ ತೆಗೆದು ಬೇರೆ ಇಲಿಗಳಿಗೆ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಆ ಇಲಿಗಳ ಮೂತ್ರ ವಿಪರೀತ ಹೆಚ್ಚಿತು, ಜೊತೆಗೆ ಉಪ್ಪೂ ಹೊರಗೆ ಹೋಯಿತು. 1988ರಲ್ಲಿ ಜಪಾನಿನ ಸಂಶೋಧಕರಿಗೆ ಇದೇ ಕುಟುಂಬದ ಬಿಎನ್‌ಪಿ ಎಂಬ ಹಾರ್ಮೋನ್ ಹಂದಿಯ ಮಿದುಳಿನಲ್ಲಿ ಸಿಕ್ಕಿತು. ಅದು ಹೆಚ್ಚಾಗಿ ತಯಾರಾಗುವುದು ಹೃದಯದ ಕೆಳಕೋಣೆಗಳಲ್ಲಿ ಎಂದು ಆಮೇಲೆ ತಿಳಿಯಿತು.

ಒತ್ತಡ ಹೆಚ್ಚಾಗಿ ಹೃದಯದ ಗೋಡೆ ಹಿಗ್ಗಿದಾಗ ಅಲ್ಲಿನ ಜೀವಕೋಶಗಳು 108 ಅಮೈನೋ ಆಮ್ಲಗಳ ಒಂದು ಸರಪಳಿ ಮಾಡುತ್ತವೆ. ಅದು ಎರಡು ತುಂಡಾಗುತ್ತದೆ. 32ರ ತುಂಡೇ ಬಿಎನ್‌ಪಿ. ಕೆಲಸ ಮಾಡುವುದು ಇದು: ಉಪ್ಪು, ನೀರು ಹೊರಹಾಕಿಸಿ ರಕ್ತನಾಳ ಸಡಿಲಿಸುತ್ತದೆ. ಉಳಿದ 76ರದ್ದು ಎನ್‌ಟಿ-ಪ್ರೊಬಿಎನ್‌ಪಿ. ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದರಿಂದ ಅಳೆಯಲು ಅನುಕೂಲ.

125ಕ್ಕಿಂತ ಕಮ್ಮಿ ಇದ್ದರೆ ಏದುಸಿರಿಗೆ ಹಾರ್ಟ್ ಫೇಲ್ಯೂರ್ ಕಾರಣವಾಗಿರುವ ಸಾಧ್ಯತೆ ಬಹಳ ಕಡಿಮೆ. ಈ ಟೆಸ್ಟಿನ ನಿಜವಾದ ಬಲ ಇರುವುದು ಹೀಗೆ ಕಾಯಿಲೆ ಇಲ್ಲವೆಂದು ತೋರಿಸುವುದರಲ್ಲಿ. ಹೆಚ್ಚು ಬಂದರೆ ಕಾರಣ ಹುಡುಕಬೇಕು. ವಯಸ್ಸಾದಂತೆ ಇದು ತಾನಾಗಿ ಏರುತ್ತದೆ. ಕಿಡ್ನಿ ತೊಂದರೆ, ಎದೆಬಡಿತದ ಏರುಪೇರು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಏರಿಸುತ್ತವೆ. ತುಂಬಾ ದಪ್ಪ ಇರುವವರಲ್ಲಿ ಮಾತ್ರ ಕಾಯಿಲೆ ಇದ್ದರೂ ಕಮ್ಮಿ ತೋರಿಸಬಹುದು. ಇದನ್ನು ಮರೆತೇಬಿಡುತ್ತೇವೆ. ತೀವ್ರ ಉಸಿರಾಟದ ತೊಂದರೆಯಿಂದ ಎಮರ್ಜೆನ್ಸಿಗೆ ಬಂದವರಿಗೆ ಅಳತೆಯೇ ಬೇರೆ. ಅಲ್ಲಿ ಹಾರ್ಟ್ ಫೇಲ್ಯೂರ್ ಇರಬಹುದು ಅನ್ನಲು 50ರೊಳಗಿನವರಿಗೆ 450, 75ರವರೆಗೆ 900, ಅದಕ್ಕೂ ಮೇಲ್ಪಟ್ಟವರಿಗೆ 1,800 ದಾಟಬೇಕು.

ಮುಂದೆ ಹಾರ್ಟ್ ಫೇಲ್ಯೂರ್ ಖಚಿತವಾಗಿ ಸಕ್ಯೂಬಿಟ್ರಿಲ್-ವಲ್ಸಾರ್ಟನ್ ಮಾತ್ರೆ ಕೊಟ್ಟರೆ ಒಂದು ವಿಷಯ ನೆನಪಿರಲಿ. ಬಿಎನ್‌ಪಿಯನ್ನು ಒಡೆಯುವ ನೆಪ್ರಿಲೈಸಿನ್ ಎಂಬ ಕಿಣ್ವವನ್ನು ಸಕ್ಯೂಬಿಟ್ರಿಲ್ ತಡೆಯುತ್ತದೆ. ಅಂದರೆ ಮಾತ್ರೆಯಿಂದಲೇ ಬಿಎನ್‌ಪಿ ಏರಬಹುದು. ಗಾಬರಿ ಬೇಡ. ಎನ್‌ಟಿ-ಪ್ರೊಬಿಎನ್‌ಪಿಯನ್ನು ಈ ಕಿಣ್ವ ಒಡೆಯುವುದಿಲ್ಲ, ಹಾಗಾಗಿ ಅದನ್ನೇ ನೋಡಬೇಕು. ಎರಡರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಲೂ ಬಾರದು.

ಹಾಗಾದರೆ ಪದೇಪದೇ ಟೆಸ್ಟ್ ಮಾಡಿಸಿ ನಂಬರ್ ಇಳಿಸುತ್ತಾ ಹೋದರೆ ಒಳ್ಳೆಯದಲ್ವಾ? 2017ರಲ್ಲಿ ಬಂದ ಗೈಡ್-ಐಟಿ ಅಧ್ಯಯನ ಇದನ್ನೇ ಪರೀಕ್ಷಿಸಿತು. 1,000ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಂಡು ಔಷಧಿ ಹೊಂದಿಸಿದವರಿಗೂ ಮಾಮೂಲಿ ಚಿಕಿತ್ಸೆ ಪಡೆದವರಿಗೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈಗ ಎಕೋ, ಇಸಿಜಿ, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮಾಡಿಸಿ, ಎಲ್ಲ ರಿಪೋರ್ಟನ್ನೂ ಒಟ್ಟಿಗೆ ಹೃದಯ ತಜ್ಞರಿಗೆ ತೋರಿಸಿ. ತಂದೆಯವರಿಗೆ ಮೂರು ದಿನದಲ್ಲಿ 2 ಕೆ.ಜಿ.ಗಿಂತ ಹೆಚ್ಚು ತೂಕ ಏರಿದರೆ, ಕಾಲು ಊದಿದರೆ, ರಾತ್ರಿ ಮಲಗಲಾಗದೆ ಎದ್ದು ಕೂರುವಂತಾದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.