ಇನ್‌ಹೇಲರ್ ಬೀರೂಲಿ, ಬೀಗದ ಕೀ ಯಾರ ಹತ್ರ?

ಆಸ್ತಮಾ ಇರೋ ಮಗು ಕ್ಲಿನಿಕ್‌ಗೆ ಬಂದಾಗೆಲ್ಲ ನಾನು ಕೇಳೋದು, ಸ್ಕೂಲಲ್ಲಿ ನಿನ್ನ ಇನ್‌ಹೇಲರ್ ಎಲ್ಲಿರುತ್ತೆ ಪುಟ್ಟಾ ಅಂತ. ಆಫೀಸ್ ರೂಮಿನ ಬೀರೂಲಿ ಅನ್ನುತ್ತೆ, ಕೀ ಯಾರ ಹತ್ರ ಅಂದ್ರೆ ಅಮ್ಮನ ಮುಖ ನೋಡುತ್ತೆ. ಔಷಧಿ ಮಕ್ಕಳ ಕೈಗೆ ಸಿಗಬಾರ್ದು ಅನ್ನೋ ಕಾಳಜಿ ಸರಿನೇ, ಆದ್ರೆ ಉಬ್ಬಸ ಕೀ ಹುಡುಕೋವರೆಗೂ ಕಾಯಲ್ಲ ನೋಡಿ. ದೊಡ್ಡ ಮಕ್ಕಳ ಬ್ಯಾಗಲ್ಲೇ ಇರ್ಲಿ, ಚಿಕ್ಕವರದ್ದು ಕ್ಲಾಸ್ ಟೀಚರ್ ಹತ್ರ, ಗ್ರೌಂಡಿಗೆ ಹೋದ್ರೆ ಅದೂ ಜೊತೆಗೆ ಹೋಗ್ಬೇಕು.

ಸ್ಕೂಲಿಗೆ ಕಳಿಸ್ಬೇಕಾದ್ದು ರಿಲೀವರ್, ಅಂದ್ರೆ ಉಬ್ಬಸ ಬಂದಾಗ ಬೇಗ ಉಸಿರು ಸಲೀಸು ಮಾಡೋ ಇನ್‌ಹೇಲರ್, ಸಾಮಾನ್ಯವಾಗಿ ನೀಲಿ ಬಣ್ಣದ ಸಾಲ್ಬುಟಮಾಲ್. ದಿನಾ ತಗೊಳ್ಳೋ ಬರೀ ಸ್ಟೀರಾಯ್ಡ್ ಇನ್‌ಹೇಲರ್ ಮನೇಲಿರ್ಲಿ, ಅಟ್ಯಾಕ್ ಬಂದಾಗ ಅದು ತಕ್ಷಣಕ್ಕೆ ಆಗಿಬರಲ್ಲ.

ಅಟ್ಯಾಕ್ ಬಂದ್ರೆ ಮಗೂನ ನೆಟ್ಟಗೆ ಕೂರಿಸಿ, ಮಲಗಿಸ್ಬೇಡಿ. ಇನ್‌ಹೇಲರ್ ಅಲ್ಲಾಡಿಸಿ ಸ್ಪೇಸರಿಗೆ (ಔಷಧಿ ತುಂಬ್ಕೊಂಡು ಉಸಿರಲ್ಲಿ ಎಳ್ಕೊಳ್ಳೋ ಪ್ಲಾಸ್ಟಿಕ್ ಕೊಳವೆ) ಸಿಗಿಸಿ 1 ಪಫ್ ಒತ್ತಿ, ಮಗು ಅದರಿಂದ 4 ಸಲ ಉಸಿರಾಡ್ಲಿ, ಆಮೇಲೆ ಇನ್ನೊಂದು, ಹೀಗೆ 4 ಪಫ್. ಗಾಬರೀಲಿ ನಾಲ್ಕನ್ನೂ ಒಟ್ಟಿಗೆ ಒತ್ತಿಬಿಡ್ತಾರೆ, ಆಗ ಔಷಧಿ ಸ್ಪೇಸರ್ ಒಳಗೇ ಅಂಟ್ಕೊಂಡು ಶ್ವಾಸಕೋಶಕ್ಕೆ ಹೋಗೋದು ಕಮ್ಮಿ. 4 ನಿಮಿಷದಲ್ಲಿ ಸುಧಾರಿಸ್ಲಿಲ್ಲ ಅಂದ್ರೆ ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರೋವರೆಗೂ 4 ನಿಮಿಷಕ್ಕೊಮ್ಮೆ 4 ಪಫ್ ಕೊಡ್ತಾನೇ ಇರಿ. ಮೊದಲು ಅಪ್ಪ ಅಮ್ಮನ್ನ ಕೇಳೋಣ ಅಂತ ಕೂರ್ಬೇಡಿ.

ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ತಿಲ್ಲ, ಪಕ್ಕೆಲುಬಿನ ಮಧ್ಯೆ ಚರ್ಮ ಒಳಗೆ ಎಳ್ಕೋತಿದೆ, ತುಟಿ ನೀಲಿಗಟ್ತಿದೆ ಅಂದ್ರೆ 4 ನಿಮಿಷಾನೂ ಕಾಯ್ಬೇಡಿ. ಮಗು ಸುಸ್ತಾಗಿ ಸುಂಯ್ ಸುಂಯ್ ಸದ್ದು ನಿಂತೋದ್ರೆ ಕಮ್ಮಿ ಆಯ್ತು ಅಂದ್ಕೋಬೇಡಿ, ಸದ್ದು ಬರೋಷ್ಟೂ ಗಾಳಿ ಆಡ್ತಿಲ್ಲ ಅಂತಾನೂ ಇರ್ಬಹುದು. ನನಗೆ ಜಾಸ್ತಿ ಭಯ ಇರೋದು ಆ ಸುಮ್ಮನಿರೋ ಎದೆ ಬಗ್ಗೇನೇ.

ಪಿಟಿ ಮೇಷ್ಟ್ರಿಗೆ ಒಂದ್ಮಾತು. ಎಷ್ಟೋ ಮಕ್ಕಳಿಗೆ ಓಡುವಾಗ ಏನೂ ಇರಲ್ಲ, ನಿಲ್ಲಿಸಿದ 5-10 ನಿಮಿಷಕ್ಕೆ ಕೆಮ್ಮು ಶುರುವಾಗುತ್ತೆ, ಅದು ನಾಟಕ ಅಲ್ಲ ಸಾರ್. ಹಾಗಂತ ಆಟನೇ ಬಿಡಿಸ್ಬೇಡಿ, ಡಾಕ್ಟ್ರು ಹೇಳಿದ್ರೆ ಆಟಕ್ಕೆ 10-15 ನಿಮಿಷ ಮುಂಚೆ ಪಫ್ ತಗೊಂಡು ಓಡ್ಲಿ. ಒಬ್ಬ ಹುಡುಗ ಪಿಟಿ ಪೀರಿಯಡ್ ಬಂದಾಗೆಲ್ಲ ಹೊಟ್ಟೆನೋವು ಅಂತಿದ್ದ, ಮನೆಯವರು ಸ್ಕ್ಯಾನಿಂಗೂ ಮಾಡಿಸಿದ್ರು, ಕೊನೆಗೆ ನನ್ನ ಹತ್ರ ಮೆಲ್ಲಗೆ ಹೇಳಿದ್ದು ಇಷ್ಟೇ: ಎಲ್ಲರೆದುರು ಪಫ್ ತಗೊಂಡ್ರೆ ನಗ್ತಾರೆ ಆಂಟಿ.