ಒಂದೇ ವೇದಭಾಗ, ಎರಡು ಪ್ರಸಂಗ: ಬೋಧಕರ ಸ್ವಭಾವಕ್ಕೆ ಇದರಲ್ಲಿ ಎಷ್ಟು ಪಾಲು?

ಓದುಗರ ಪ್ರಶ್ನೆ: ಇಬ್ಬರು ಬೋಧಕರು ಒಂದೇ ವೇದಭಾಗದ ಮೇಲೆ ಪ್ರಸಂಗ ಮಾಡಿದಾಗ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೇಳಿಸುತ್ತದೆ. ಇದು ಅವರವರ ಸ್ವಭಾವದಿಂದ ಬರುವ ವ್ಯತ್ಯಾಸವೇ? ಹಾಗಾದರೆ ಸತ್ಯವೇದದ ಅರ್ಥವು ಹೇಳುವವರ ಮನಸ್ಸಿಗೆ ಬಿಟ್ಟದ್ದೇ?

ಉತ್ತರ: ಸ್ವಭಾವಕ್ಕೆ ಪಾಲು ಖಂಡಿತ ಇದೆ. ಓದುವವರ ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ, ಯಾವುದನ್ನು ದಾಟಿ ಮುಂದೆ ಹೋಗುತ್ತದೆ ಎಂಬುದನ್ನು ಬಹುಮಟ್ಟಿಗೆ ಸ್ವಭಾವವೇ ತೀರ್ಮಾನಿಸುತ್ತದೆ. ಆದರೆ ವೇದಭಾಗದ ಅರ್ಥವನ್ನು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ.

ಈ ವಿಚಾರದ ಬೇರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ ಅವರಲ್ಲಿದೆ. ಅವರು ಸ್ವತಃ ಸಭಾಪಾಲಕರೊಬ್ಬರ ಮಗ. ಮನಸ್ಸು ಸಂಗತಿಗಳನ್ನು ಗ್ರಹಿಸುವುದಕ್ಕೆ ಇಂದ್ರಿಯಾನುಭವ ಮತ್ತು ಅಂತಃಪ್ರಜ್ಞೆ ಎಂಬ ಎರಡು ದಾರಿಗಳೂ, ಗ್ರಹಿಸಿದ್ದನ್ನು ತೂಗಿ ನೋಡುವುದಕ್ಕೆ ಭಾವನೆ ಮತ್ತು ವಿಚಾರ ಎಂಬ ಇನ್ನೆರಡು ದಾರಿಗಳೂ ಇವೆ ಎಂದು ಅವರು 1921ರಲ್ಲಿ ವಿವರಿಸಿದರು. ಮನಃಶಾಸ್ತ್ರಜ್ಞರೂ ಆಂಗ್ಲಿಕನ್ ಪಾದ್ರಿಯೂ ಆದ ಬ್ರಿಟನ್ನಿನ ಲೆಸ್ಲಿ ಫ್ರಾನ್ಸಿಸ್ ಅವರು ಇದನ್ನು ಪ್ರಸಂಗಪೀಠಕ್ಕೆ ತಂದು, ಪ್ರತಿಯೊಂದು ವೇದಭಾಗವನ್ನೂ ಈ ನಾಲ್ಕು ದಾರಿಗಳಿಂದ ಓದಬೇಕೆಂಬ ‘ಸಿಫ್ಟ್’ (ಇಂಗ್ಲಿಷಿನಲ್ಲಿ ಈ ನಾಲ್ಕು ದಾರಿಗಳ ಹೆಸರಿನ ಮೊದಲಕ್ಷರಗಳು) ವಿಧಾನವನ್ನು ರೂಪಿಸಿದರು.

ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದ 29ರಿಂದ 39ರವರೆಗಿನ ವಚನಗಳನ್ನು ತೆಗೆದುಕೊಳ್ಳೋಣ. ಜ್ವರದಿಂದ ಮಲಗಿದ್ದ ಸೀಮೋನನ ಅತ್ತೆಯನ್ನು ಯೇಸುಸ್ವಾಮಿ ಕೈಹಿಡಿದು ಎಬ್ಬಿಸುತ್ತಾರೆ. ಸಂಜೆ ಊರಿಗೆ ಊರೇ ಬಾಗಿಲಲ್ಲಿ ಸೇರುತ್ತದೆ. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಇಂದ್ರಿಯಾನುಭವಕ್ಕೆ ಒಲಿದ ಬೋಧಕರು ಆ ಹಿಡಿದ ಕೈಯನ್ನು, ಬಾಗಿಲ ಮುಂದಿನ ನೂಕುನುಗ್ಗಲನ್ನು ಕಣ್ಣಿಗೆ ಕಟ್ಟಿಸುತ್ತಾರೆ, ಹೊತ್ತು ಮುಳುಗಿದ ಮೇಲೆ ಯೆಹೂದ್ಯರು ಕೆಲಸ ಮಾಡದ ಸಬ್ಬತ್ ದಿನ ಮುಗಿಯುವುದರಿಂದಲೇ ಜನರು ರೋಗಿಗಳನ್ನು ಹೊತ್ತು ತಂದರೆಂದು ವಿವರಿಸುತ್ತಾರೆ. ಅಂತಃಪ್ರಜ್ಞೆಯವರಿಗೆ ‘ಎಬ್ಬಿಸಿದರು’ ಎಂಬ ಒಂದು ಮಾತು ಸಾಕು: ಅದೇ ಗ್ರೀಕ್ ಕ್ರಿಯಾಪದವನ್ನು ಮಾರ್ಕನು ಬರಿದಾದ ಸಮಾಧಿಯ ಬಳಿ ಮತ್ತೆ ಬಳಸುತ್ತಾನಾದ್ದರಿಂದ, ಅವರ ಪ್ರಸಂಗವು ಆ ಚಿಕ್ಕ ಮನೆಯಿಂದ ನೇರವಾಗಿ ಪುನರುತ್ಥಾನಕ್ಕೆ ಹಾರುತ್ತದೆ. ಭಾವನೆಯವರು ಮನೆಯವರ ಆತಂಕದ ಜೊತೆಗೆ, ಬೆಳಗಾಗುವಷ್ಟರಲ್ಲಿ ಸ್ವಾಮಿ ಹೊರಟುಹೋದರೆಂದು ತಿಳಿದವರ ನಿರಾಶೆಯನ್ನೂ ಹಿಡಿಯುತ್ತಾರೆ. ವಿಚಾರದವರು ಪ್ರಶ್ನೆ ಎತ್ತುತ್ತಾರೆ: ‘ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ’ ಎಂದು ಶಿಷ್ಯರು ಹೇಳಿದಾಗ ಸ್ವಾಮಿ ಬೇರೆ ಊರಿಗೆ ಹೋಗುವುದು ನ್ಯಾಯವೇ? ರೋಗಿಗಳೆಲ್ಲರನ್ನೂ ತಂದರು, ‘ಅನೇಕರು’ ವಾಸಿಯಾದರು ಎಂದು ಮಾರ್ಕನು ಬರೆದಿರುವಾಗ, ಮತ್ತಾಯನು ‘ಅನೇಕರನ್ನು’ ತಂದರು, ‘ಎಲ್ಲರೂ’ ವಾಸಿಯಾದರು ಎಂದು ಬರೆದದ್ದೇಕೆ?

ಈ ಭಾಗದ ಮೇಲೆ ನಾನೊಮ್ಮೆ ಪ್ರಸಂಗ ಮಾಡಿ ಇಳಿದಾಗ ಹಿರಿಯ ತಾಯಿಯೊಬ್ಬರು ಬಳಿಗೆ ಬಂದು, “ಅಯ್ಯನವರೇ, ಜ್ವರ ಬಿಟ್ಟ ಕೂಡಲೇ ಆಕೆ ಎದ್ದು ಎಲ್ಲರಿಗೂ ಬಡಿಸಬೇಕಾಯಿತಲ್ಲಾ, ಅದಕ್ಕೆ ನೀವು ಏನೂ ಹೇಳಲಿಲ್ಲ” ಎಂದರು. ಪ್ರಾರ್ಥನೆಯ ವಿಷಯದಲ್ಲೇ ಮುಳುಗಿದ್ದ ನನ್ನ ಕಣ್ಣಿಗೆ ಆ ವಚನ ಬಿದ್ದೇ ಇರಲಿಲ್ಲ. ಮನೆಗೆ ಬಂದು ಹುಡುಕಿದೆ. ಆಕೆಯ ಉಪಚಾರಕ್ಕೆ ಮಾರ್ಕನು ಬಳಸಿದ ಕ್ರಿಯಾಪದವೇ ಅರಣ್ಯದಲ್ಲಿ ದೇವದೂತರು ಮಾಡಿದ ಸೇವೆಗೂ, ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ ಬಂದೆನೆಂಬ ಸ್ವಾಮಿಯ ಮಾತಿಗೂ ಇದೆ. ಆ ತಾಯಿಯ ಪ್ರಶ್ನೆ ಇಲ್ಲದಿದ್ದರೆ ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಇದೇ ಮಾರ್ಕನ ಭಾಗವನ್ನು 389 ಅನುಭವಿ ಬೋಧಕರ ಮುಂದಿಟ್ಟು ಫ್ರಾನ್ಸಿಸ್ ಮತ್ತು ಸಂಗಡಿಗರು ಒಂದು ಅಧ್ಯಯನ ನಡೆಸಿ 2009ರಲ್ಲಿ ಪ್ರಕಟಿಸಿದರು. ನಾಲ್ಕು ಬಗೆಯ ವಿವರಣೆಗಳಲ್ಲಿ, ವಿಚಾರದ ವಿವರಣೆಯನ್ನು ಮೆಚ್ಚಿದವರಿಗಿಂತ ಇಂದ್ರಿಯಾನುಭವದ ವಿವರಣೆಯನ್ನು ಮೆಚ್ಚಿದವರು ನಾಲ್ಕು ಪಟ್ಟು ಹೆಚ್ಚಾಗಿದ್ದರು. ಅಂದರೆ ಕಥೆಯ ಸೊಗಸು ಅನೇಕರಿಗೆ ಹಿಡಿಸಿತು, ಅದು ಎಬ್ಬಿಸುವ ಕಠಿಣ ಪ್ರಶ್ನೆಗಳ ಕಡೆಗೆ ಕೆಲವರೇ ತಿರುಗಿದರು. ತಮ್ಮ ಸ್ವಭಾವಕ್ಕೆ ಒಗ್ಗದ ವಿವರಣೆಯನ್ನು ಬೋಧಕರು ಮೆಚ್ಚಲಾರರು ಎಂಬುದಕ್ಕೆ ಮಾತ್ರ ಹೆಚ್ಚಿನ ಪುರಾವೆ ಸಿಗಲಿಲ್ಲ. ಈ ಎರಡನೆಯ ಸಂಗತಿಯೇ ನನಗೆ ಮುಖ್ಯವೆನಿಸುತ್ತದೆ. ತಾನಾಗಿ ಹೊಳೆಯದ ದಾರಿಯೂ ತೋರಿಸಿದರೆ ನಮಗೆ ಕಾಣುತ್ತದೆ, ಆದ್ದರಿಂದ “ನನ್ನ ಸ್ವಭಾವವೇ ಹೀಗೆ” ಎಂದು ಯಾವ ಬೋಧಕರೂ ಕೈಚೆಲ್ಲುವಂತಿಲ್ಲ.

ಸ್ವಭಾವ ಪರೀಕ್ಷೆಗಳ ವಿಷಯದಲ್ಲಿ ಒಂದು ಎಚ್ಚರಿಕೆಯೂ ಬೇಕು. ಯೂಂಗರ ವಿಚಾರವನ್ನು ಆಧರಿಸಿದ ಮೈಯರ್ಸ್-ಬ್ರಿಗ್ಸ್ ಪ್ರಶ್ನಾವಳಿಯನ್ನು ಕೆಲವು ವಾರಗಳ ನಂತರ ಮತ್ತೆ ತುಂಬಿದರೆ ಹಲವರಿಗೆ ಬೇರೆಯೇ ಫಲಿತಾಂಶ ಬರುತ್ತದೆ. ಮನುಷ್ಯರನ್ನು ಹೀಗೆ ಕಟ್ಟುನಿಟ್ಟಾದ ಗುಂಪುಗಳಾಗಿ ವಿಂಗಡಿಸುವುದನ್ನು ಅನೇಕ ಮನಃಶಾಸ್ತ್ರಜ್ಞರು ಒಪ್ಪುವುದಿಲ್ಲ. ಬೋಧಕರು ಕಲಿತ ಸೆಮಿನರಿ, ಅವರ ಸಭೆಯ ಸಂಪ್ರದಾಯ, ಆ ವಾರ ಸಭೆಯಲ್ಲಿ ನಡೆದ ಸಾವು ನೋವು ಇವೆಲ್ಲವೂ ಪ್ರಸಂಗವನ್ನು ರೂಪಿಸುತ್ತವೆ.

ಇನ್ನು ನಿಮ್ಮ ಪ್ರಶ್ನೆಯ ಕೊನೆಯ ಭಾಗ. ನೀವು ಕೇಳಿದ ಎರಡು ಪ್ರಸಂಗಗಳಲ್ಲಿ ಯಾವುದು ಸರಿ ಎಂದು ತಿಳಿಯಬೇಕಾದರೆ ಮನೆಗೆ ಹೋಗಿ ಆ ವಚನಗಳನ್ನು ಮತ್ತೆ ಓದಿ, ಪ್ರತಿಯೊಬ್ಬರೂ ಹೇಳಿದ್ದಕ್ಕೆ ಅಲ್ಲಿ ಆಧಾರವಿದೆಯೇ ಎಂದು ಬೆರಳಿಟ್ಟು ನೋಡಿ. ಸೀಮೋನನ ಅತ್ತೆಯ ಉಪಚಾರವನ್ನು ಕ್ರಿಸ್ತನ ಸೇವೆಯ ಜೊತೆಗಿಟ್ಟು ನೋಡುವುದಕ್ಕೆ ಮಾರ್ಕನು ತನ್ನ ಪದಗಳಲ್ಲೇ ಆಸ್ಪದ ಕೊಟ್ಟಿದ್ದಾನೆ. ಆಕೆಗೆ ಜ್ವರ ಬಂದದ್ದು ಯಾವುದೋ ಗುಪ್ತ ಪಾಪದ ಫಲವೆಂದು ಯಾರಾದರೂ ಬೋಧಿಸಿದರೆ ಅದಕ್ಕೆ ಆ ಹನ್ನೊಂದು ವಚನಗಳಲ್ಲಿ ಎಲ್ಲಿಯೂ ಆಧಾರ ಸಿಗುವುದಿಲ್ಲ.