ಅಲೈನ್‌ಮೆಂಟ್ ಮಾಡಿಸಿದರೂ ಸ್ಟೀರಿಂಗ್ ಅದುರುತ್ತದೆಯೇ?

"ಅಲೈನ್‌ಮೆಂಟ್ ಮಾಡ್ಸಿ ಆಯ್ತು ಮಾರಾಯ್ರೇ, ಆದ್ರೂ ಸ್ಟೀರಿಂಗ್ ಅದುರ್ತದೆ." ಮಳೆಗಾಲ ಮುಗಿಯುತ್ತಿದ್ದಂತೆ ಶಿವಮೊಗ್ಗದ ಗ್ಯಾರೇಜುಗಳಲ್ಲಿ ಈ ಮಾತು ಜಾಸ್ತಿ ಕೇಳುತ್ತದೆ. ಕೆಲವರು ಒಂದೇ ಕಾರಿಗೆ ಮೂರು ಕಡೆ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದಿರುತ್ತಾರೆ. ದುಡ್ಡು ದಂಡ. ಅಲೈನ್‌ಮೆಂಟ್ ಅಂದರೆ ಚಕ್ರಗಳು ನಿಂತಿರುವ ಕೋನ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಅದುರುವುದು ಬೇರೆ ರೋಗ. ತಿರುಗುವ ಯಾವುದೋ ಭಾಗ ಒಂದೇ ಸಮ ತಿರುಗುತ್ತಿಲ್ಲ, ಇಲ್ಲವೇ ಅದನ್ನು ಹಿಡಿದುಕೊಂಡ ಭಾಗ ಸಡಿಲವಾಗಿದೆ.

ಹಾಗಾಗಿ ಪಾನಾ ಎತ್ತುವ ಮೊದಲು ನಾನು ಕೇಳುವುದು ಒಂದೇ: ಯಾವಾಗ ಅದುರುತ್ತದೆ?

80ಕ್ಕೆ ಶುರುವಾಗಿ, 100ರ ಹತ್ತಿರ ಜೋರಾಗಿ, ಅದು ದಾಟಿದರೆ ಕಮ್ಮಿಯಾಗುತ್ತದೆ ಅಂದರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್ ಮೇಲೆ, ಅಂದರೆ ಚಕ್ರದ ಸುತ್ತ ತೂಕ ಒಂದೇ ಸಮ ಇದೆಯೇ ಅನ್ನುವುದರ ಮೇಲೆ. ಸಣ್ಣ ಕಾರಿನ ಚಕ್ರ 90 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 14 ಸುತ್ತು ಹೊಡೆಯುತ್ತದೆ. 14 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ಹೆಚ್ಚುಕಮ್ಮಿ ಇದ್ದರೂ ಆ ವೇಗಕ್ಕೆ ಅದು 4 ಕಿಲೋ ತೂಕದಷ್ಟು ಎಳೆಯುತ್ತದೆ, ಅದೂ ಪ್ರತಿ ಸುತ್ತಿಗೂ. 45ರಲ್ಲಿ ಅದೇ 30 ಗ್ರಾಂ ಒಂದು ಕಿಲೋದಷ್ಟು ಮಾತ್ರ. ಊರೊಳಗೆ ಗೊತ್ತಾಗುವುದೇ ಇಲ್ಲ. ಮುಂದಿನ ಸಸ್ಪೆನ್ಶನ್ನಿಗೂ ತನ್ನದೇ ಒಂದು ಲಯ ಇರುತ್ತದೆ. ಚಕ್ರದ ಸುತ್ತು ಆ ಲಯಕ್ಕೆ ಕೂಡಿಕೊಂಡಾಗ ನಡುಕ ಜಾಸ್ತಿ, ದಾಟಿದ ಮೇಲೆ ಇಳಿಯುತ್ತದೆ. "ಸ್ಪೀಡ್ ಜಾಸ್ತಿ ಮಾಡಿದ್ರೆ ಸರಿ ಹೋಗ್ತದೆ" ಅಂತ ಓಡಿಸುವವರಿದ್ದಾರೆ. ದಯವಿಟ್ಟು ಬೇಡ.

ಈ 30 ಗ್ರಾಂ ಎಲ್ಲಿಂದ ಬಂತು? ಮಲೆನಾಡಿನಲ್ಲಿ ಹೆಚ್ಚಾಗಿ ಮಣ್ಣಿನಿಂದ. ಹೊಸನಗರ, ತೀರ್ಥಹಳ್ಳಿ ಕಡೆ ತೋಟದ ರಸ್ತೆಯಲ್ಲಿ ಓಡಿದ ಕಾರಿನ ರಿಮ್ಮಿನ ಒಳಗಡೆ ಕೆಂಪು ಮಣ್ಣು ಕೂತು ಗಟ್ಟಿಯಾಗುತ್ತದೆ. ಹೊರಗಿನಿಂದ ಕಾರು ಫಳಫಳ. ಒಳಗೆ ಕೈ ಹಾಕಿದರೆ ಮುಷ್ಟಿ ಮಣ್ಣು. ಮೊದಲು ಚಕ್ರದ ಒಳಬದಿಗೆ ಚೆನ್ನಾಗಿ ನೀರು ಹೊಡೆಸಿ. ಎಷ್ಟೋ ಕಾರುಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಮಣ್ಣು ಸಮೇತ ಬ್ಯಾಲೆನ್ಸ್ ಮಾಡುವವರೂ ಇದ್ದಾರೆ. ನಾಲ್ಕು ದಿನಕ್ಕೆ ಮಣ್ಣು ಉದುರುತ್ತದೆ, ನಡುಕ ವಾಪಸ್.

ಬ್ಯಾಲೆನ್ಸಿಂಗ್ ಮಷಿನ್, ಸಮ ಮಾಡಲು 60–70 ಗ್ರಾಂ ತೂಕ ಕೇಳಿದರೆ ಸುಮ್ನೆ ಅಂಟಿಸಿ ಕಳಿಸುವ ಹಾಗಿಲ್ಲ. ಚಕ್ರ ತಿರುಗುವಾಗ ಪಕ್ಕದಲ್ಲಿ ನಿಂತು ನೋಡಿ. ಗುಂಡಿಗೆ ಬಿದ್ದು ರಿಮ್ಮಿನ ಒಳ ಅಂಚು ಬೆಂಡಾಗಿರಬಹುದು, ಹೊರಗಿನಿಂದ ಅದು ಕಾಣುವುದಿಲ್ಲ. ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದ್ದರೆ ಒಳಗಿನ ದಾರ ತುಂಡಾಗಿದೆ ಅಂತಲೇ ಲೆಕ್ಕ. ಆ ಟೈರಿಗೆ ಬ್ಯಾಲೆನ್ಸಿಂಗ್ ಮಾಡಿಸುವುದು ಬೇಡ, ಬದಲಾಯಿಸಿ. 30–40ರ ನಿಧಾನದಲ್ಲೇ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಓಲಾಡಿದರೂ ಟೈರಿನ ಒಳಪದರ ಬಿಟ್ಟಿರುವ ಸಾಧ್ಯತೆ ಇದೆ. ಗುಮಾನಿ ಇರುವ ಮುಂದಿನ ಚಕ್ರವನ್ನು ಹಿಂದಕ್ಕೆ ಹಾಕಿ ಓಡಿಸಿ ನೋಡಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ಕಳ್ಳ ಸಿಕ್ಕಿದ.

ಬ್ರೇಕ್ ಒತ್ತಿದಾಗ ಮಾತ್ರ ಅದುರುವುದು ನಮ್ಮ ಘಾಟಿ ಜನರ ಕಾಯಿಲೆ. "ಡಿಸ್ಕ್ ಬೆಂಡಾಗಿದೆ" ಅಂತ ಎಲ್ಲರೂ ಹೇಳುತ್ತಾರೆ. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ, ಬ್ರೇಕ್ ಒತ್ತಿದಾಗ ಪ್ಯಾಡುಗಳು ಹಿಡಿಯುವುದು ಅದನ್ನೇ. ನಿಜಕ್ಕೂ ಜಾಸ್ತಿ ಸಲ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಆಗುಂಬೆಯ 14 ತಿರುವುಗಳನ್ನು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದು, ಸೋಮೇಶ್ವರದಲ್ಲಿ ಬ್ರೇಕ್ ಒತ್ತಿ ಹಿಡಿದು ನಿಂತರೆ, ಕಾದ ಪ್ಯಾಡಿನ ಪುಡಿ ಡಿಸ್ಕಿನ ಒಂದೇ ಜಾಗಕ್ಕೆ ಹತ್ತಿಕೊಳ್ಳುತ್ತದೆ. ಕಾದ ಡಿಸ್ಕಿಗೆ ತಣ್ಣೀರು ಎರಚುವುದೂ ಒಳ್ಳೆಯದಲ್ಲ. ಎರಡನೇ ಗೇರಿನಲ್ಲಿ, ಎಂಜಿನ್ ಹಿಡಿತದಲ್ಲೇ ಇಳಿಯಿರಿ.

ಇನ್ನು ಹೊಸ ಡಿಸ್ಕ್ ಹಾಕಿಸಿದ ಮೇಲೂ ಕೆಲವು ತಿಂಗಳಿಗೆ ಅದೇ ಕಥೆ ಅಂತ ಬರುತ್ತಾರಲ್ಲ, ಅಲ್ಲಿ ತಪ್ಪು ಡಿಸ್ಕಿನದ್ದಲ್ಲ. ನಮ್ಮ ಶೀತಕ್ಕೆ ಹಬ್ಬಿನ (ಡಿಸ್ಕೂ ಚಕ್ರವೂ ಕೂರುವ ನಡುಭಾಗ) ಮುಖ ತುಕ್ಕು ಹಿಡಿದು ಉಬ್ಬುತಗ್ಗಾಗಿರುತ್ತದೆ. ಅದರ ಮೇಲೆಯೇ ಹೊಸ ಡಿಸ್ಕ್ ಕೂರಿಸಿದರೆ ಅದು ಚೂರು ಓರೆಯಾಗಿ ತಿರುಗುತ್ತದೆ. ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲು ಓಲಾಡಿದರೂ ಸಾಕು, ಪ್ರತಿ ಸುತ್ತಿಗೂ ಪ್ಯಾಡ್ ಒಂದೇ ಕಡೆ ಉಜ್ಜಿ ಅಲ್ಲಿ ದಪ್ಪ ಕಮ್ಮಿಯಾಗುತ್ತಾ ಹೋಗುತ್ತದೆ. ಹಬ್ಬಿಗೆ ವೈರ್ ಬ್ರಷ್ ಹಾಕಿ ತಿಕ್ಕಿ, ಡಯಲ್ ಗೇಜ್ ಇಟ್ಟು ಓಲಾಟ ಅಳೆದು ನೋಡುವುದು ಹದಿನೈದಿಪ್ಪತ್ತು ನಿಮಿಷದ ಕೆಲಸ. ಆ ಕೆಲಸ ಮಾಡುವವರು ಕಡಿಮೆ. ನೀವೇ ಕೇಳಿ ಮಾಡಿಸಬೇಕು.

ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ನಡುಕ, ಕಾಲು ತೆಗೆದರೆ ಇಲ್ಲ ಅಂದರೆ ಡ್ರೈವ್ ಶಾಫ್ಟಿನ (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡ) ಒಳಗಿನ ಜಾಯಿಂಟ್ ನೋಡಿಸಿ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಸೋರಿ ಮಣ್ಣು ಸೇರಿರುತ್ತದೆ. ನಿಂತಲ್ಲೇ ಅದುರಿದರೆ ಎಂಜಿನ್ ಹಿಡಿದುಕೊಂಡ ಮೌಂಟಿಂಗ್ ಕಡೆ ಗಮನ ಕೊಡಿ.

ಚಕ್ರವನ್ನು ಸಸ್ಪೆನ್ಶನ್ನಿಗೂ ಸ್ಟೀರಿಂಗಿಗೂ ಜೋಡಿಸುವ ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ ಸವೆದಿದ್ದರೆ ಸಾಮಾನ್ಯವಾಗಿ ತಾವಾಗಿ ನಡುಕ ಹುಟ್ಟಿಸುವುದಿಲ್ಲ. ಇರುವ ನಡುಕವನ್ನು ದೊಡ್ಡದು ಮಾಡುತ್ತವೆ. ಎಲ್ಲ ಬ್ಯಾಲೆನ್ಸ್ ಸರಿ ಇದ್ದೂ ಚೂರು ಉಳಿದರೆ ಇವನ್ನು ನೋಡಬೇಕು. ಕಾರನ್ನು ಎತ್ತಿ ಸ್ಟ್ಯಾಂಡ್ ಕೊಟ್ಟು (ಬರೀ ಜಾಕ್ ನಂಬಬೇಡಿ) ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಟೈ ರಾಡ್ ಕಡೆಯದು.

ಅಂಗಡಿಯಲ್ಲಿ ಹೊಸ ಅಲಾಯ್ ಚಕ್ರ ಹಾಕಿಸಿದ ದಿನದಿಂದ ಶುರುವಾಗಿದ್ದರೆ ನಡುವಿನ ತೂತು ಅಳತೆ ಹಾಕಿಸಿ. ಅದು ಹಬ್ಬಿಗಿಂತ ದೊಡ್ಡದಿದ್ದರೆ ಚಕ್ರ ನಡುವಿಗೆ ಕೂರುವುದಿಲ್ಲ, ಅಳತೆಯ ರಿಂಗ್ ಬೇಕು. ಪಂಕ್ಚರ್ ಹಾಕಿಸಿದ ಮೇಲೆ ಶುರುವಾಗಿದ್ದರೆ ನಟ್ಟುಗಳನ್ನು ನೋಡಿ. ಗಾಳಿ ಗನ್ನಿನಲ್ಲಿ ಒಂದನ್ನು ಜೋರಾಗಿ, ಇನ್ನೊಂದನ್ನು ಸಡಿಲವಾಗಿ ಬಿಟ್ಟಿರುತ್ತಾರೆ. ಎದುರುಬದುರು ನಟ್ಟುಗಳನ್ನು ಸರದಿಯಂತೆ, ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿಸಿ. ಸಣ್ಣ ಕಾರುಗಳಿಗೆ ಸುಮಾರು 100 ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ, ಸರಿಯಾದ ಅಂಕಿ ನಿಮ್ಮ ಕಾರಿನ ಪುಸ್ತಕದಲ್ಲಿದೆ. 50–100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿಸಿ.